ಕಹಿ ಹೂವೂ ಈಚಲ ಹೆಂಡವೂ

ಬೆಂಗಳೂರಿನ ಬ್ರೂ-ಪಬ್‌ಗಳಲ್ಲಿ ಈಗ 'ಸೆಷನ್' ಎಂಬ ಹೆಸರಿನ ಒಂದು ಬಗೆಯ ಬಿಯರ್ ಸಿಗುತ್ತದೆ. ತಿಳಿ ಹೊಂಬಣ್ಣ, ಮೇಲೆ ಬೆಳ್ಳನೆಯ ನೊರೆ, ಮೂಗಿನ ಬಳಿ ಹಿಡಿದರೆ ಕಿತ್ತಳೆ ಸಿಪ್ಪೆಯ ಕಂಪು, ಗುಟುಕು ಇಳಿದ ಮೇಲೆ ನಾಲಿಗೆಯ ಹಿಂಬದಿಯಲ್ಲಿ ಚುರುಕಾದ ಕಹಿ. ಇಷ್ಟೆಲ್ಲ ಇದ್ದೂ ಅಮಲು ಮಾತ್ರ ಕಡಿಮೆ. ಮದ್ಯಸಾರ ನೂರಕ್ಕೆ ನಾಲ್ಕು ಭಾಗ, ಹೆಚ್ಚೆಂದರೆ ನಾಲ್ಕೂವರೆ. ಒಂದೆಡೆ ಕುಳಿತು ಮಾತನಾಡುತ್ತ ಎರಡು ಮೂರು ಲೋಟ ಕುಡಿದರೂ ತಲೆ ನೆಟ್ಟಗಿರಬೇಕು ಎಂಬ ಅರ್ಥದಲ್ಲಿ ಇಂಗ್ಲಿಷರು ಬಳಕೆಗೆ ತಂದ ಹೆಸರು ಇದು. ಹೊಸ ಕಾಲದ ಹೊಸ ರುಚಿ ಎಂದು ಯುವಜನರು ಇದನ್ನು ಮೆಚ್ಚಿಕೊಂಡಿದ್ದಾರೆ.

ರುಚಿ ಹೊಸದೇ ಇರಬಹುದು. ಆದರೆ ನೂರಕ್ಕೆ ನಾಲ್ಕು ಎಂಬ ಆ ಅಳತೆ ಹಾಸನ ಸೀಮೆಯ ಹಿರಿಯರಿಗೆ ಚೆನ್ನಾಗಿ ಗೊತ್ತಿದ್ದದ್ದು. ಬೆಳಗಿನ ಜಾವ ಈಚಲ ಮರದಿಂದ ಇಳಿಸಿದ ಹೆಂಡ ಹೊತ್ತೇರುವ ವೇಳೆಗೆ ಹುದುಗಿ ಮುಟ್ಟುತ್ತಿದ್ದ ಅಮಲು ಸರಿಸುಮಾರು ಇಷ್ಟೇ: ನೂರಕ್ಕೆ ನಾಲ್ಕರಿಂದ ಐದು. ಹಾಗಾದರೆ ಒಂದು ಪಾನೀಯ ಊರೂರಿನಲ್ಲಿ ಅಳಿದುಹೋಗಿ, ಅದೇ ತೂಕದ ಇನ್ನೊಂದು ಪಾನೀಯ ನಗರದಲ್ಲಿ ನೂರಾರು ರೂಪಾಯಿಗೆ ಮಾರಾಟವಾಗುವ ಸ್ಥಿತಿ ಬಂದದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೊರಟರೆ ಒಂದು ಕಹಿ ಹೂವಿನ ಬಳಿಗೂ, ಅಲ್ಲಿಂದ ಅಬಕಾರಿ ಕಾಯಿದೆಯ ಬಳಿಗೂ ಬಂದು ನಿಲ್ಲಬೇಕಾಗುತ್ತದೆ.

ಮೊದಲು ಈಚಲ ಮರ. ಚನ್ನರಾಯಪಟ್ಟಣದಿಂದ ಹೊಳೆನರಸೀಪುರಕ್ಕೆ, ಅಲ್ಲಿಂದ ಅರಕಲಗೂಡಿಗೆ ಹೋಗುವ ಹಾದಿಯಲ್ಲಿ ಹಳ್ಳದ ಬದಿಯಲ್ಲಿ, ಬೇಲಿಯ ಸಾಲಿನಲ್ಲಿ ಈ ಮರಗಳು ಇನ್ನೂ ಅಲ್ಲಲ್ಲಿ ಕಾಣುತ್ತವೆ. ಹಳೆಯ ಮರವೊಂದರ ಹತ್ತಿರ ನಿಂತು ನೋಡಿ. ಕಾಂಡದ ಮೇಲೆ ಎಡಕ್ಕೊಂದು, ಬಲಕ್ಕೊಂದು ಕಚ್ಚು ಬಿದ್ದು ಮರ ಅಂಕುಡೊಂಕಾಗಿ ಮೇಲೆದ್ದಿರುತ್ತದೆ. ಹೆಂಡ ಇಳಿಸುವವರು ತುದಿಯ ಗರಿಗಳ ಕೆಳಗೆ ಒಂದು ವರ್ಷ ಒಂದು ಮಗ್ಗುಲನ್ನು ಕೆತ್ತಿದರೆ ಮರುವರ್ಷ ಎದುರು ಮಗ್ಗುಲನ್ನು ಕೆತ್ತುತ್ತಿದ್ದರು. ಮರ ಬೆಳೆಯುತ್ತ ಹೋದಂತೆ ಆ ಗಾಯಗಳು ಮೆಟ್ಟಿಲಿನ ಹಾಗೆ ಉಳಿದುಬಿಡುತ್ತಿದ್ದವು. ಕಚ್ಚುಗಳನ್ನು ಎಣಿಸಿದರೆ ಆ ಮರ ಎಷ್ಟು ವರ್ಷ ಹೆಂಡ ಕೊಟ್ಟಿತೆಂಬ ಲೆಕ್ಕ ಸಿಗುತ್ತದೆ. ಯಾವ ಕಚೇರಿಯ ದಫ್ತರಕ್ಕೂ ಕಡಿಮೆಯಿಲ್ಲದ ದಾಖಲೆ ಇದು.

ಈ ಕೆಲಸ ಮುಖ್ಯವಾಗಿ ಈಡಿಗರದು. ಸಂಜೆ ಮರ ಹತ್ತಿ, ಕೆತ್ತಿದ ಜಾಗವನ್ನು ತೆಳ್ಳಗೆ ಸವರಿ, ಮಡಕೆ ಕಟ್ಟಿ ಇಳಿಯುವುದು. ಬೆಳಗಾಗುವ ಮುನ್ನ ಹೋಗಿ ಇಳಿಸುವುದು. ಚಳಿಗಾಲದಲ್ಲಿ ರಸ ಚೆನ್ನಾಗಿ ಬರುತ್ತದೆ. ಅರಕಲಗೂಡಿನ ಪಡುವಣ ಅಂಚು ಮಲೆನಾಡಿಗೆ ತಾಗುವುದರಿಂದ ಆ ಕಡೆಗೆ ಹೋದಂತೆ ಈಚಲಿನ ಜಾಗದಲ್ಲಿ ಬಗನಿ ಮರ ಕಾಣಸಿಗುತ್ತದೆ. ಚನ್ನರಾಯಪಟ್ಟಣದ ಕಡೆ ತೆಂಗು ಹೇರಳ. ಮೂರೂ ಮರಗಳ ರಸದಲ್ಲಿ ಸಕ್ಕರೆಯ ಅಂಶ ನೂರಕ್ಕೆ ಹತ್ತಕ್ಕಿಂತ ಹೆಚ್ಚು. ಗಾಳಿಯಲ್ಲಿ, ಮಡಕೆಯ ಒಳಮೈಯಲ್ಲಿ ಇರುವ ಹುದುಗು ಜೀವಿಗಳಿಗೆ ಅಷ್ಟು ಸಾಕು. ಯಾರೂ ಏನೂ ಬೆರೆಸದೆ, ಬೆಂಕಿ ಹಚ್ಚದೆ, ಕೆಲವೇ ಗಂಟೆಗಳಲ್ಲಿ ರಸ ಹೆಂಡವಾಗುತ್ತದೆ.

ಆದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ಸಕ್ಕರೆಯನ್ನು ಮದ್ಯಸಾರವಾಗಿಸುವ ಹುದುಗಿನ ಬೆನ್ನ ಹಿಂದೆಯೇ ಹುಳಿ ಹಿಡಿಸುವ ಬ್ಯಾಕ್ಟೀರಿಯಾಗಳೂ ಬರುತ್ತವೆ. ಮುಂಜಾನೆಯ ಸಿಹಿ ಮಧ್ಯಾಹ್ನಕ್ಕೆ ಹುಳಿ, ಮರುದಿನಕ್ಕೆ ವಿನಿಗರ್. ಆದ್ದರಿಂದ ಹೆಂಡಕ್ಕೆ ಊರೂ ಉಂಟು, ಹೊತ್ತೂ ಉಂಟು. ಹೊಳೆನರಸೀಪುರದ ಹೆಂಡವನ್ನು ಎತ್ತಿನ ಗಾಡಿಯಲ್ಲಿ ಹೇರಿ ಬೆಂಗಳೂರಿಗೆ ಕಳಿಸುತ್ತೇನೆಂದು ಹೊರಟವನಿದ್ದರೆ ದಾರಿಯಲ್ಲೇ ಅವನ ಸರಕು ಬೇರೆ ಪದಾರ್ಥವಾಗಿರುತ್ತಿತ್ತು.

ಇದನ್ನು ತಡೆಯುವ ಉಪಾಯ ನಮ್ಮವರಿಗೆ ಗೊತ್ತಿರಲಿಲ್ಲವೆಂದಲ್ಲ. ಮಡಕೆಯ ಒಳಗೆ ಸುಣ್ಣ ಬಳಿದು ಕಟ್ಟಿದರೆ ರಸ ಹುದುಗುವುದೇ ಇಲ್ಲ; ಅದೇ ನೀರಾ. ಆದರೆ ಸುಣ್ಣ ಒಳ್ಳೆಯ ಹುದುಗನ್ನೂ ಕೆಟ್ಟ ಹುಳಿಯನ್ನೂ ಒಟ್ಟಿಗೇ ನಿಲ್ಲಿಸುತ್ತದೆ. ಅಮಲು ಬೇಕು, ಹುಳಿ ಬೇಡ ಎಂದರೆ ಸುಣ್ಣದಿಂದ ಸಾಧ್ಯವಿಲ್ಲ. ದಕ್ಷಿಣದ ಸಾರಾಯಿ ಬಟ್ಟಿಗಳಲ್ಲಿ ಬೆಲ್ಲದ ಕೊಳೆಗೆ ಬಿಳಿಜಾಲಿಯ ತೊಗಟೆ ಹಾಕುವ ರೂಢಿಯೂ ಇತ್ತು. ತೊಗಟೆಯ ಒಗರು ಕೊಳೆಯನ್ನು ತಿಳಿಗೊಳಿಸುತ್ತಿತ್ತು. ಆದರೆ ಅದು ಭಟ್ಟಿ ಇಳಿಸುವವರ ಹಾದಿ. ಅಲ್ಲಿ ಸಿಗುವುದು ಹಗುರ ಪಾನೀಯವಲ್ಲ, ಸುಡುವ ಸಾರಾಯಿ.

ಹುದುಗನ್ನು ಬಿಟ್ಟು ಹುಳಿಯನ್ನು ಮಾತ್ರ ತಡೆಯುವ ವಸ್ತು ಸಿಕ್ಕಿದ್ದು ಯುರೋಪಿನವರಿಗೆ. ಅದೇ ಹಾಪ್ಸ್. ಇದಕ್ಕೆ ಕನ್ನಡದಲ್ಲಿ ಹೆಸರಿಲ್ಲ, ಏಕೆಂದರೆ ಗಿಡವೇ ಇಲ್ಲಿಲ್ಲ. ಬೇಲಿಗೆ ಹಬ್ಬುವ ಬಳ್ಳಿ. ನಮ್ಮ ಭಂಗಿ ಸೊಪ್ಪಿನ ಕುಲಕ್ಕೇ ಸೇರಿದ್ದು, ಆದರೆ ಭಂಗಿಯ ಮತ್ತು ಇದಕ್ಕಿಲ್ಲ. ಹೆಣ್ಣು ಬಳ್ಳಿಯ ಹಸಿರು ಹೂಗೊಂಚಲಿನ ಎಸಳುಗಳ ಬುಡದಲ್ಲಿ ಹಳದಿ ಅಂಟಿನ ಪುಡಿ ಇರುತ್ತದೆ. ಆ ಪುಡಿಯಲ್ಲಿದೆ ಕಹಿಯೂ ಕಂಪೂ. ಬಾರ್ಲಿ ಮೊಳಕೆಯ ಕಷಾಯದಲ್ಲಿ ಇದನ್ನು ಕುದಿಸಿದಾಗ ಬಿಡುವ ಕಹಿ ಆಮ್ಲಗಳು ಹುಳಿ ಹಿಡಿಸುವ ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕುತ್ತವೆ. ಮದ್ಯಸಾರ ಮಾಡುವ ಹುದುಗಿಗೆ ಮಾತ್ರ ಅಡ್ಡಿ ಮಾಡುವುದಿಲ್ಲ.

ಜರ್ಮನಿಯ ಸನ್ಯಾಸಿನಿ ಹಿಲ್ಡೆಗಾರ್ಡ್ ಎಂಬಾಕೆ 12ನೇ ಶತಮಾನದಲ್ಲಿಯೇ ಈ ಹೂವಿನ ಕಹಿ ಪಾನೀಯವನ್ನು ಕೆಡದಂತೆ ಇಡುತ್ತದೆಂದು ಬರೆದಿಟ್ಟಿದ್ದಾಳೆ. ಅದೇ ಶತಮಾನದಲ್ಲಿ ಇತ್ತ ಕಲ್ಯಾಣದಲ್ಲಿ ಹೆಂಡದ ಮಾರಯ್ಯನೆಂಬ ಶರಣ ಹೆಂಡ ಮಾರುವ ಕಾಯಕದವನಾಗಿದ್ದು ವಚನ ಬರೆದ. ಒಂದು ಕಡೆ ಪಾನೀಯ ಉಳಿಯುವುದು ಹೇಗೆಂಬ ಯೋಚನೆ, ಇನ್ನೊಂದು ಕಡೆ ಅದನ್ನು ಕುಡಿಯುವ ಮನುಷ್ಯ ಉಳಿಯುವುದು ಹೇಗೆಂಬ ಯೋಚನೆ. ಇದು ಕಾಕತಾಳೀಯ, ಆದರೂ ಮನಸ್ಸಿನಲ್ಲಿ ನಿಲ್ಲುವಂಥದು.

ಹಾಪ್ಸ್ ಹಾಸನದಲ್ಲಿ ಏಕೆ ಬೆಳೆಯಬಾರದು ಎಂದು ರೈತರು ಕೇಳಬಹುದು. ಆಲೂಗಡ್ಡೆ, ಹೊಗೆಸೊಪ್ಪು, ಶುಂಠಿ ಎಲ್ಲವನ್ನೂ ಒಗ್ಗಿಸಿಕೊಂಡ ಜಿಲ್ಲೆ ಇದು. ತೊಡಕು ಇರುವುದು ಮಣ್ಣಿಗಿಂತ ಹೆಚ್ಚಾಗಿ ಸೂರ್ಯನಲ್ಲಿ. ಈ ಬಳ್ಳಿ ಚೆನ್ನಾಗಿ ಬೆಳೆದು ಹೂಬಿಡಲು ಬೇಸಿಗೆಯಲ್ಲಿ ಹದಿನೈದು ಹದಿನಾರು ಗಂಟೆಗಳ ಹಗಲು ಬೇಕು. 13 ಡಿಗ್ರಿ ಅಕ್ಷಾಂಶದಲ್ಲಿರುವ ಹಾಸನದಲ್ಲಿ ವರ್ಷದ ಅತಿ ದೀರ್ಘ ಹಗಲೂ 13 ಗಂಟೆ ದಾಟುವುದಿಲ್ಲ. ಭಾರತದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಂಥ ಕಡೆ ಸ್ವಲ್ಪ ಬೆಳೆಯುತ್ತಾರೆ. ಬೆಂಗಳೂರಿನ ಲೋಟದಲ್ಲಿ ಕಂಪು ಬೀರುವ ಹಾಪ್ಸ್ ಬಹುಮಟ್ಟಿಗೆ ಅಮೆರಿಕ, ಜರ್ಮನಿ ಮುಂತಾದೆಡೆಯಿಂದ ಹಡಗಿನಲ್ಲೋ ವಿಮಾನದಲ್ಲೋ ಬಂದದ್ದು.

ಹಡಗಿನ ಮಾತು ಬಂದದ್ದರಿಂದ ಇಂಡಿಯಾ ಪೇಲ್ ಏಲ್ ಬಗ್ಗೆ ಹೇಳಲೇಬೇಕು. ಇಂದಿನ ಸೆಷನ್ ಬಿಯರುಗಳಲ್ಲಿ ಹಲವು ಇದರದೇ ಹಗುರ ಅವತಾರ. 18ನೇ ಶತಮಾನದ ಕೊನೆಯಲ್ಲಿ ಲಂಡನ್ನಿನ ಹಾಡ್ಜ್‌ಸನ್ ಎಂಬ ಬಿಯರ್ ತಯಾರಕರು ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಭಾರತಕ್ಕೆ ಬಿಯರ್ ಕಳಿಸಲಾರಂಭಿಸಿದರು. 1820ರ ದಶಕದಲ್ಲಿ ಬರ್ಟನ್ ಪಟ್ಟಣದ ಆಲ್ಸಪ್ ಮೊದಲಾದವರು ಪೈಪೋಟಿಗೆ ಇಳಿದರು. ಆಫ್ರಿಕದ ತುದಿಯನ್ನು ಬಳಸಿ ತಿಂಗಳುಗಟ್ಟಲೆ ಸಾಗುವ ಹಡಗಿನಲ್ಲಿ ಕೆಡದಿರಲೆಂದು ಹಾಪ್ಸ್ ಹೆಚ್ಚು ಹಾಕಿದರು. ಅಮಲನ್ನೂ ಭಾರಿಯಾಗಿ ಏರಿಸಿದರೆಂಬ ಕತೆ ಇಂದಿಗೂ ಚಾಲ್ತಿಯಲ್ಲಿದೆ, ಅದು ನಂಬತಕ್ಕದ್ದಲ್ಲ. ಆ ಬಿಯರಿನ ಮದ್ಯಸಾರ ನೂರಕ್ಕೆ ಆರರ ಸುಮಾರು ಇತ್ತು. ಅದೇ ಕಾಲದ ಎಷ್ಟೋ ಇಂಗ್ಲಿಷ್ ಬಿಯರುಗಳಿಗಿಂತ ಅದು ಕಡಿಮೆಯೇ. ಇನ್ನೊಂದು ಸಂಗತಿ: ಈ ಪೇಲ್ ಏಲ್ ಹೆಚ್ಚಾಗಿ ಅಧಿಕಾರಿಗಳ ಮೇಜಿಗೆ ಹೋಗುತ್ತಿತ್ತು, ಸಾಮಾನ್ಯ ಸಿಪಾಯಿಗೆ ಸಿಗುತ್ತಿದ್ದುದು ಕಪ್ಪು ಬಣ್ಣದ ಪೋರ್ಟರ್. ಕುಡಿತದಲ್ಲಿಯೂ ದರ್ಜೆ ಇಲ್ಲದಿರಲಿಲ್ಲ.

ಬೆಂಗಳೂರಿನಲ್ಲಿ 1809ರಲ್ಲಿ ದಂಡು ನೆಲೆಯೂರಿದ ಮೇಲೆ ಬಿಯರಿಗೆ ಇಲ್ಲಿಯೇ ಗಿರಾಕಿ ಹುಟ್ಟಿದ. ಮುಂದೆ ದಕ್ಷಿಣದ ಸಣ್ಣ ಬ್ರೂವರಿಗಳನ್ನು ಒಗ್ಗೂಡಿಸಿ 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವ ಯುನೈಟೆಡ್ ಬ್ರೂವರೀಸ್ ಕಂಪನಿ ಕಟ್ಟಿದ. ಅದರ ಪೀಪಾಯಿಗಳು ಎತ್ತಿನ ಗಾಡಿಯಲ್ಲಿ ಸೈನಿಕರ ನೆಲೆಗಳಿಗೆ ಹೋಗುತ್ತಿದ್ದವು. ಈಗ ಯುಬಿ ಸಿಟಿಯ ಗಾಜಿನ ಕಟ್ಟಡಗಳು ನಿಂತಿರುವ ವಿಠಲ್ ಮಲ್ಯ ರಸ್ತೆಯ ಜಾಗದಲ್ಲಿ ಹಿಂದೆ ಇದ್ದದ್ದು ಬಿಯರ್ ಕಾರ್ಖಾನೆ. ಗಾಡಿ ಅದೇ, ಎತ್ತುಗಳು ಅವೇ; ಆದರೆ ಹೆಂಡ ದಾಟಲಾರದ ದೂರವನ್ನು ಬಿಯರ್ ದಾಟಿತು. ಸಾಗಿಸಬಹುದಾದ್ದನ್ನು ಒಂದೇ ಕಡೆ ಹೆಚ್ಚು ತಯಾರಿಸಬಹುದು, ಅಳೆಯಬಹುದು, ಬಾಟಲಿಗೆ ತುಂಬಿ ಮೊಹರು ಹಾಕಬಹುದು, ತೆರಿಗೆ ಹಾಕಬಹುದು. ಹೆಂಡಕ್ಕಾದರೋ ಸಾವಿರ ಮರ, ಸಾವಿರ ಮಡಕೆ. ಯಾವ ಇನ್ಸ್‌ಪೆಕ್ಟರ್ ತಾನೆ ಬೆಳಗಿನ ಜಾವ ಅಷ್ಟು ಮರಗಳ ಬುಡದಲ್ಲಿ ನಿಲ್ಲಬಲ್ಲ? ಅಂಗಡಿಯ ಹಕ್ಕನ್ನು ಹರಾಜು ಹಾಕಿ ಗುತ್ತಿಗೆದಾರನ ಕೈಗೆ ಕೊಡುವುದೇ ಸರ್ಕಾರಕ್ಕೆ ಸುಲಭವಾಯಿತು. ಗುತ್ತಿಗೆದಾರ ಕಟ್ಟಿದ ಹಣ ಗಿಟ್ಟಿಸಿಕೊಳ್ಳಬೇಕಾಗಿ ಬಂದಾಗ ಹೆಂಡಕ್ಕೆ ನೀರೂ, ನೀರಿನ ಮೇಲೆ ಮತ್ತಿನ ಪುಡಿಯೂ ಬೀಳತೊಡಗಿದವು.

ಈ ಕಲಬೆರಕೆಗಿಂತ ಮುಂಚೆಯೂ ಕುಡಿತದಿಂದ ಮನೆಗಳು ಹಾಳಾಗುತ್ತಿದ್ದವು ಎಂಬುದನ್ನು ಮರೆಯುವಂತಿಲ್ಲ. ಹಗುರ ಹೆಂಡವಾದರೂ ದಿನಗೂಲಿಯೆಲ್ಲ ಗಡಂಗಿನಲ್ಲಿ ಸುರಿದು ಬಂದವನ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ. ಜಿ.ಪಿ. ರಾಜರತ್ನಂ ಅವರ 'ಯೆಂಡ್ಕುಡ್ಕ ರತ್ನ' ಕನ್ನಡಿಗರನ್ನು ನಗಿಸಿದ್ದರಲ್ಲಿ ಈ ಸಂಕಟವೂ ಬೆರೆತಿದೆ. ರಾಷ್ಟ್ರೀಯ ಚಳವಳಿ ಈಚಲ ಮರವನ್ನೇ ಶತ್ರುವೆಂದು ಗುರುತಿಸಿತು. 1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ನಡೆದ ಈಚಲು ಮರ ಸತ್ಯಾಗ್ರಹದಲ್ಲಿ ಜನ ಕೊಡಲಿ ಹಿಡಿದು ಮರಗಳನ್ನು ಉರುಳಿಸಿದರು. ಅದರ ಮುಂಚೂಣಿಯಲ್ಲಿದ್ದವರು ಎಸ್. ನಿಜಲಿಂಗಪ್ಪ. ಸ್ವಾತಂತ್ರ್ಯಾನಂತರ ರಾಜ್ಯದಲ್ಲಿ ಪಾನನಿರೋಧ ಬಂತು. ಕಳ್ಳಭಟ್ಟಿಯೂ ಜೊತೆಗೇ ಬಂತು. 1967ರಲ್ಲಿ ಪಾನನಿರೋಧ ಕೈಬಿಟ್ಟು ಹೊಸ ಅಬಕಾರಿ ಕಾಯಿದೆ ಜಾರಿಯಾದಾಗ ಮುಖ್ಯಮಂತ್ರಿಯ ಕುರ್ಚಿಯಲ್ಲಿದ್ದವರೂ ನಿಜಲಿಂಗಪ್ಪನವರೇ. ಇದನ್ನು ಅವರೊಬ್ಬರ ವಿಪರ್ಯಾಸವೆನ್ನುವುದು ನ್ಯಾಯವಲ್ಲ. ಖಜಾನೆಯ ಮುಂದೆ ಕುಳಿತವರೆಲ್ಲರ ಪಾಡೂ ಅದೇ ಆಗಿದೆ.

ತೆಂಗಿನ ಸೀಮೆಗೆ ಈ ಕಾನೂನುಗಳ ಬಿಸಿ ಇನ್ನೊಂದು ರೀತಿಯಲ್ಲಿ ತಟ್ಟಿತು. 1990ರ ದಶಕದ ಕೊನೆಯಲ್ಲಿ ನುಸಿಪೀಡೆ ಬಂದು ಕಾಯಿ ಸಣ್ಣಗಾಗಿ ಬೆಲೆ ಬಿದ್ದಾಗ, ಕಾಯಿ ಕೊಡದ ಮರದಿಂದ ನೀರಾ ಇಳಿಸಲಾದರೂ ಬಿಡಿ ಎಂದು ರೈತರು ಕೇಳಿದರು. ಅಬಕಾರಿ ಕಾಯಿದೆಯ ಕಣ್ಣಿಗೆ ಸುಣ್ಣದ ಮಡಕೆಯೂ ಸುಣ್ಣವಿಲ್ಲದ ಮಡಕೆಯೂ ಒಂದೇ ಆಗಿ ಕಂಡವು. 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ನೀರಾ ಚಳವಳಿಯ ಮೇಲೆ ಪೊಲೀಸರು ಗುಂಡು ಹಾರಿಸಿ ಇಬ್ಬರು ರೈತರು ಪ್ರಾಣ ಕಳೆದುಕೊಂಡರು. ಅಮಲೇ ಇಲ್ಲದ ಪಾನೀಯಕ್ಕಾಗಿ ಹೋದ ಪ್ರಾಣಗಳವು. ಪರವಾನಗಿಯಡಿ ನೀರಾ ಇಳಿಸಲು ಅವಕಾಶ ಸಿಕ್ಕಿದ್ದು ಅನಂತರದ ವರ್ಷಗಳಲ್ಲಿ.

ಈ ಶತಮಾನದ ಮೊದಲ ವರ್ಷಗಳಲ್ಲಿ ಕರಾವಳಿಯನ್ನು ಬಿಟ್ಟು ರಾಜ್ಯದ ಉಳಿದೆಡೆ ಸೇಂದಿ ಅಂಗಡಿಗಳು ಮುಚ್ಚಿದವು. 2007ರ ಜುಲೈ 1ರಿಂದ ಸಾರಾಯಿಯೂ ನಿಂತಿತು. ಅದನ್ನು ಬಜೆಟ್‌ನಲ್ಲಿ ಪ್ರಕಟಿಸಿದವರು ಹಣಕಾಸು ಖಾತೆ ಹೊಂದಿದ್ದ ಉಪಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ; ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯವರು. ಸಾರಾಯಿ ಬೇಡವೆಂದು ಬೀದಿಗಿಳಿದಿದ್ದ ಹೆಂಗಸರಿಗೆ ಅದು ಗೆಲುವೇ ಸರಿ. ಆದರೆ ಖಾಲಿಯಾದ ಜಾಗಕ್ಕೆ ಬಂದು ಕುಳಿತದ್ದು 90 ಮತ್ತು 180 ಮಿಲಿಲೀಟರಿನ ಅಗ್ಗದ ವಿಸ್ಕಿ, ರಮ್ಮು, ಬ್ರಾಂದಿ. ಅವುಗಳ ಮದ್ಯಸಾರ ನೂರಕ್ಕೆ 42.8.

ಲೆಕ್ಕ ಹಾಕಿ ನೋಡೋಣ. 90 ಮಿಲಿಲೀಟರಿನ ಒಂದು ಪೊಟ್ಟಣದಲ್ಲಿ ಶುದ್ಧ ಮದ್ಯಸಾರ ಸುಮಾರು 38 ಮಿಲಿಲೀಟರ್. ನೂರಕ್ಕೆ ನಾಲ್ಕರ ಹೆಂಡದಲ್ಲಿ ಅಷ್ಟೇ ಮದ್ಯಸಾರ ಒಳಹೋಗಬೇಕಾದರೆ ಹೆಚ್ಚುಕಡಿಮೆ ಒಂದು ಲೀಟರ್ ಕುಡಿಯಬೇಕು. ಒಂದು ಲೀಟರ್ ಕುಡಿಯಲು ಹೊತ್ತು ಬೇಕು, ಹೊಟ್ಟೆಯಲ್ಲಿ ಜಾಗ ಬೇಕು. ಪೊಟ್ಟಣ ಮುಗಿಯಲು ಎರಡು ನಿಮಿಷ ಸಾಕು. ಬಿಯರಿನಲ್ಲಿಯೂ ನಮ್ಮ ದೇಶದ ಒಲವು ಭಾರದ ಕಡೆಗೇ. ಮಾರಾಟವಾಗುವುದರಲ್ಲಿ ಬಹುಪಾಲು ನೂರಕ್ಕೆ ಎಂಟರವರೆಗೂ ಅಮಲಿರುವ 'ಸ್ಟ್ರಾಂಗ್'. ಅಂಥ 650 ಮಿಲಿಲೀಟರಿನ ಬಾಟಲಿಯೊಂದರಲ್ಲಿ ಮದ್ಯಸಾರ 52 ಮಿಲಿಲೀಟರ್. ಕೊಟ್ಟ ಕಾಸಿಗೆ ಅಮಲು ಎಷ್ಟು ಎಂದು ಗಿರಾಕಿ ನೋಡುತ್ತಾನೆಂದು ಕಂಪನಿಗಳು ಹೇಳುತ್ತವೆ. ದಶಕಗಳ ಕಾಲ ನಡೆದುಬಂದ ತೆರಿಗೆ ಪದ್ಧತಿ ಅವನಿಗೆ ಕಲಿಸಿದ್ದೂ ಅದನ್ನೇ ಎಂದು ನನಗನ್ನಿಸುತ್ತದೆ.

ಹಾಸನದಲ್ಲಿಯೇ ಈಗ ಬಿಯರ್ ಕಾರ್ಖಾನೆ ಇದೆ. ಭೋಪಾಲ ಮೂಲದ ಸೋಮ್ ಡಿಸ್ಟಿಲರೀಸ್ ಸಮೂಹದ ವುಡ್‌ಪೆಕರ್ ಸಂಸ್ಥೆ ಇಲ್ಲಿ ಘಟಕ ಸ್ಥಾಪಿಸಿದೆ. ಬಾರ್ಲಿ ಉತ್ತರ ಭಾರತದ್ದು, ಹಾಪ್ಸ್ ಹೊರಗಿನದು. ಜಿಲ್ಲೆಯ ಈಚಲಿಗೂ ತೆಂಗಿಗೂ ಇಲ್ಲಿ ಕೆಲಸವಿಲ್ಲ.

ಇನ್ನು ನಗರದ ಸಣ್ಣ ಬ್ರೂವರಿಗಳು. ರಾಜ್ಯ ಸರ್ಕಾರ ಇವಕ್ಕೆ ನಿಯಮ ರೂಪಿಸಿದ್ದು 2010ರಲ್ಲಿ. ಮರುವರ್ಷದಿಂದ ಬೆಂಗಳೂರಿನಲ್ಲಿ ಇವು ಬಾಗಿಲು ತೆರೆದವು. ನಿಯಮದ ಸಾರ ಸ್ವಾರಸ್ಯಕರವಾಗಿದೆ: ತಯಾರಿಸಿದ ಜಾಗದಲ್ಲಿಯೇ ಮಾರಬೇಕು. ಸೋಸಿ ಬಾಟಲಿಗೆ ತುಂಬಿ ಊರೂರಿಗೆ ಕಳಿಸುವಂತಿಲ್ಲ. ಅಂದರೆ ಹಾಪ್ಸ್ ಹಾಕಿದ ಬಿಯರ್ ಕೂಡ ಇಲ್ಲಿ ಹೆಂಡದ ಹಾಗೆ ಹುಟ್ಟಿದೂರಿನಲ್ಲೇ, ಎಳೆಯದಿರುವಾಗಲೇ ಮುಗಿಯಬೇಕು. ಕೆಡದಂತೆ ಉಳಿಸಲು ಬಂದ ಹೂವು ಇಲ್ಲಿ ಬರಿಯ ರುಚಿಗಾಗಿ ಉಳಿದಿದೆ. ಹಾಪ್ಸ್‌ನ ಕಂಪು ಹಳತಾದಷ್ಟೂ ಕಳೆದುಹೋಗುವುದರಿಂದ ಈ ನಿಯಮ ರುಚಿಗೆ ಒಳ್ಳೆಯದನ್ನೇ ಮಾಡಿದೆ.

ಈ ಹಗುರ ಬಿಯರನ್ನು ರುಚಿ ನೋಡುವ ಕ್ರಮವಿದೆ. ತೀರ ತಣ್ಣಗಿದ್ದರೆ ಏನೂ ತಿಳಿಯದು. ಹಿಮದಂಥ ತಂಪು ನಾಲಿಗೆಯನ್ನು ಮರಗಟ್ಟಿಸುತ್ತದೆ. ಲೋಟವನ್ನು ಕೆಲವು ನಿಮಿಷ ಹಾಗೇ ಬಿಟ್ಟು ಮೊದಲು ಮೂಸಬೇಕು. ಕಿತ್ತಳೆ, ನಿಂಬೆ ಎಲೆ, ಮಾವಿನ ಸೊನೆ, ಕೆಲವೊಮ್ಮೆ ಹಸಿ ಹುಲ್ಲು ನೆನಪಾಗುತ್ತದೆ. ಇದೆಲ್ಲ ಕುದಿಯ ಕೊನೆಯಲ್ಲಿ ಅಥವಾ ತಣಿದ ಮೇಲೆ ಹಾಕಿದ ಹಾಪ್ಸ್‌ನಿಂದ ಬಂದದ್ದು. ಮೊದಲೇ ಹಾಕಿ ಕುದಿಸಿದ್ದು ಕಹಿಯನ್ನು ಮಾತ್ರ ಕೊಡುತ್ತದೆ. ಆಮೇಲೆ ಗುಟುಕು. ಕಹಿ ಬಂದು ಹೋಗಬೇಕು. ಹಾಗಲಕಾಯಿ ಪಲ್ಯ ತಿಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಒಳ್ಳೆಯ ಕಹಿ ಇನ್ನೊಂದು ತುತ್ತನ್ನು ಕೇಳುತ್ತದೆ, ಕೆಟ್ಟದ್ದು ಒಗರಾಗಿ ಹಲ್ಲಿಗೆ ಅಂಟುತ್ತದೆ.

ತಯಾರಿಸುವವರಿಗೆ ಕಷ್ಟವಿರುವುದು ಇಲ್ಲಿಯೇ. ಅಮಲು ಕಡಿಮೆ ಮಾಡಬೇಕೆಂದರೆ ಮಾಲ್ಟ್ ಕಡಿಮೆ ಹಾಕಬೇಕು. ಮಾಲ್ಟ್ ಕಡಿಮೆಯಾದರೆ ಮೈ ತೆಳುವಾಗಿ ಕಹಿ ಒಂಟಿಯಾಗಿ ಎದ್ದು ಕಾಣುತ್ತದೆ. ಗಟ್ಟಿ ಹುಳಿಯಲ್ಲಿ ಬೇಳೆ, ತರಕಾರಿ, ಖಾರದ ನಡುವೆ ಸಣ್ಣ ತಪ್ಪು ಮುಚ್ಚಿಹೋಗುತ್ತದೆ. ತಿಳಿಸಾರಿನಲ್ಲಿ ಉಪ್ಪು ಒಂದು ಹರಳು ಹೆಚ್ಚಾದರೂ ಗೊತ್ತಾಗುತ್ತದೆ. ಆದ್ದರಿಂದ ಜಾಣರು ಮಾಲ್ಟ್ ನೆನೆಸುವ ನೀರಿನ ಶಾಖವನ್ನು 68 ಡಿಗ್ರಿಯ ಆಸುಪಾಸಿನಲ್ಲಿಟ್ಟು, ಹುದುಗಿಗೆ ದಕ್ಕದ ಒಂದಿಷ್ಟು ಸಕ್ಕರೆ ಉಳಿಯುವಂತೆ ನೋಡಿಕೊಳ್ಳುತ್ತಾರೆ. ಅದು ಬಾಯಿಗೆ ತುಸು ತೂಕ ಕೊಡುತ್ತದೆ. ನಾನು ರುಚಿ ನೋಡಿದ ಮೂರು ಬಗೆಗಳಲ್ಲಿ ಒಂದು ಮಾತ್ರ ಈ ಹದ ಮುಟ್ಟಿತ್ತು. ಒಂದು ನೀರು ನೀರು. ಇನ್ನೊಂದರ ಕಹಿ ಕಷಾಯದಂತಿತ್ತು. ಅದನ್ನು ಎದುರಿನ ಮೇಜಿನವರು ಮೆಚ್ಚಿ ಕುಡಿಯುತ್ತಿದ್ದರು ಎಂಬುದನ್ನೂ ಹೇಳಬೇಕು.

ಮೈ ಕೊಡಲು ಕೆಲವರು ಓಟ್ಸ್ ಬೆರೆಸುತ್ತಾರೆ. ಕೆಲವರು ರಾಗಿಯತ್ತ ತಿರುಗಿದ್ದಾರೆ. ಹಾಸನದ ಬಯಲು ಸೀಮೆಗೆ ಬಾಗಿಲು ತೆರೆಯುವುದಿದ್ದರೆ ಇಲ್ಲಿಯೇ. ಬಾರ್ಲಿ ಬಿಟ್ಟರೆ ಮೊಳಕೆ ಬಂದಾಗ ತನ್ನ ಹಿಟ್ಟನ್ನು ತಾನೇ ಸಕ್ಕರೆಯಾಗಿಸಿಕೊಳ್ಳುವ ಶಕ್ತಿ ಚೆನ್ನಾಗಿರುವ ಧಾನ್ಯಗಳಲ್ಲಿ ರಾಗಿಯೂ ಒಂದು. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ರಾಗಿ ಮಾಲ್ಟ್ ಮೇಲೆ ದಶಕಗಳ ಹಿಂದೆಯೇ ಕೆಲಸ ಮಾಡಿದ್ದಾರೆ, ಅದು ಮಕ್ಕಳ ಆಹಾರಕ್ಕಾಗಿ. ನೇಪಾಳ, ಸಿಕ್ಕಿಂ ಕಡೆಯವರು ರಾಗಿಯನ್ನು ಹುದುಗಿಸಿ ಛಾಂಗ್ ಮಾಡುತ್ತಾರೆ. ಆಫ್ರಿಕದ ಹಲವು ದೇಶಗಳಲ್ಲಿ ರಾಗಿ ಬಿಯರ್ ಹಳೆಯ ಪದ್ಧತಿ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ ಬೀಸುವುದು ಚನ್ನರಾಯಪಟ್ಟಣದ ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ಮೊಳಕೆಯನ್ನು ಒಣಗಿಸುವ ಶಾಖ ಹೆಚ್ಚಾದರೆ ಆ ಶಕ್ತಿ ಸುಟ್ಟುಹೋಗುತ್ತದೆ, ಕಡಿಮೆಯಾದರೆ ಹಸಿ ವಾಸನೆ ಉಳಿಯುತ್ತದೆ. ಅಜ್ಜಿಯರು ಅದನ್ನು ನೆರಳಿನಲ್ಲಿ ಒಣಗಿಸುತ್ತಿದ್ದರು.